ನಮ್ಮಪ್ಪ ಉಪವಾಸ ಕೂರ್ತೀನಿ ಅಂತಿದ್ದಾರೆ, 226 ಹಾಕ್ತೀವಿ ಅಂತ ಹೆದರಿಸಿದ್ದಾರೆ. ಗೊತ್ತಿರೋರು ಹೇಳಿ

ಹೇಮಾವತಿದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಊರಿನ ಹೆಸರು ಬೇಡ.

ಮಳೆಗಾಲದಲ್ಲಿ ನಮ್ಮೂರ ರಸ್ತೆ ಕಿತ್ತು ಹೋಯ್ತು. ತುಂಬಿದ ಬಸುರಿಯನ್ನು ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋದರು. ಪಕ್ಕದ ಮನೆ ಹುಡುಗ, 22 ವರ್ಷ, ಅದನ್ನು ವಿಡಿಯೋ ಮಾಡಿ ಹಾಕಿದ. ಬಿಲ್ ಆಗಿದೆ, ರಸ್ತೆ ಎಲ್ಲಿ ಅಂತ ಕೇಳಿದ. ಅಷ್ಟೇ. ಸುಳ್ಳು ಸುದ್ದಿ ಹಬ್ಬಿಸಿದ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಅಂತ ಕೇಸ್ ಬಿತ್ತು. ಮೊಬೈಲ್ ಕಿತ್ತುಕೊಂಡರು. ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಬಂದ ಮೇಲೆ ಯಾರ ಹತ್ರಾನೂ ಮಾತಾಡ್ತಿಲ್ಲ.

ನಮ್ಮಪ್ಪನಿಗೆ 72. ಶುಗರ್ ಇದೆ. ಅವರು 1975ರ ನವೆಂಬರ್‌ನಲ್ಲಿ ಹಾಸನದ ಪೇಟೆಯಲ್ಲಿ ತುರ್ತು ಪರಿಸ್ಥಿತಿ ವಿರುದ್ಧ ಕರಪತ್ರ ಹಂಚಿ ಡಿಐಆರ್‌ನಲ್ಲಿ (ಭಾರತ ರಕ್ಷಣಾ ನಿಯಮಗಳ ಕೆಳಗೆ) ಒಳಗೆ ಹೋದವರು. ಜೈಲಿಂದ ಅವರು ಬರೆದ ಒಂದು ಕಾರ್ಡ್ ನಮ್ಮ ಮನೆಯಲ್ಲಿ ಈಗಲೂ ಇದೆ. "ನಾನು ಕ್ಷೇಮ" ಅಂತ ಶುರುವಾಗುತ್ತೆ. ಆಮೇಲೆ ಮೂರು ಸಾಲಿನ ಮೇಲೆ ಕಪ್ಪು ಮಸಿ. ಕೊನೆಗೆ "ಹಸುವಿಗೆ ಹಿಂಡಿ ಹಾಕೋದು ಮರೀಬೇಡಿ". ಬಾಲ್ ಪೆನ್ನಿನ ಒತ್ತು ಕಾರ್ಡಿನ ಹಿಂದೆ ಮೂಡಿತ್ತು. ಅಜ್ಜಿ ಅದನ್ನು ತಿರುಗಿಸಿ, ಆ ಮೂರು ಸಾಲಿನ ಮೇಲೆ ಬೆರಳಾಡಿಸಿ ಏನಿರಬಹುದು ಅಂತ ತಡಕ್ತಿದ್ದರಂತೆ. ಅಪ್ಪನನ್ನು ಕೇಳಿದರೆ ಏನು ಬರೆದಿದ್ದೆ ಅಂತ ನೆನಪಿಲ್ಲ ಅಂತಾರೆ.

ಈಗ ಆ ಹುಡುಗನ ಕೇಸ್ ವಾಪಸ್ ತಗೊಳ್ಳೋವರೆಗೆ ತಾಲ್ಲೂಕು ಕಚೇರಿ ಮುಂದೆ ಅನ್ನ ಮುಟ್ಟದೆ ಕೂರ್ತೀನಿ ಅಂತ ಹಟ ಹಿಡಿದಿದ್ದಾರೆ. ಮೊನ್ನೆ ಒಬ್ಬರು ಮನೆಗೆ ಬಂದು "ಹೊಸ ಕಾನೂನು ಬಂದಿದೆ ಯಜಮಾನ್ರೇ, ಕೂತರೆ 226 ಹಾಕ್ತಾರೆ" ಅಂದು ಹೋದರು. ಇದು ನಿಜವಾ? ಅಪ್ಪನನ್ನು ತಡೀಲಾ, ಜೊತೆಗೆ ಕೂರ್ಲಾ, ಗೊತ್ತಾಗ್ತಿಲ್ಲ.

ಬೇಲೂರುಬಸ್

ತಡೀರಿ. 72 ವರ್ಷ, ಶುಗರ್ ಬೇರೆ. ಇನ್ನೇನು ಯೋಚನೆ?

ಕೋರ್ಟ್ ರಸ್ತೆ

ನಾನು ಹಾಸನದಲ್ಲಿ ವಕೀಲ. ಗೊತ್ತಿರೋದು ಹೇಳ್ತೀನಿ.

226 ಅನ್ನೋದು ನಿಜ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲಿ ಹಳೆಯ 309 ಇಲ್ಲ. ಅಂದರೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೆಲ್ಲ ಅಪರಾಧಿ ಅನ್ನೋದು ಹೋಯ್ತು. ಆದರೆ ಒಂದು ತುಂಡು ಉಳಿಸಿಕೊಂಡರು. ಸರ್ಕಾರಿ ನೌಕರ ತನ್ನ ಕೆಲಸ ಮಾಡದ ಹಾಗೆ ಒತ್ತಾಯಿಸೋಕೆ ಅಥವಾ ತಡೆಯೋಕೆ ಆತ್ಮಹತ್ಯೆಗೆ ಪ್ರಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಅದೇ 226.

ಆದರೆ ಉಪವಾಸ ಕೂರೋದು ಆತ್ಮಹತ್ಯೆ ಪ್ರಯತ್ನ ಅಂತ ಆ ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಅವರು ಸಾಬೀತು ಮಾಡಬೇಕು. ಸಾಯಬೇಕು ಅನ್ನೋ ಉದ್ದೇಶ ಬೇರೆ, ನನ್ನ ಮಾತು ಕೇಳಿಸಿಕೊಳ್ಳಿ ಅನ್ನೋ ಉದ್ದೇಶ ಬೇರೆ. 2011ರ ಜೂನ್‌ನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಉಪವಾಸ ಕೂತಿದ್ದವರ ಮೇಲೆ ಮಧ್ಯರಾತ್ರಿ ಪೊಲೀಸರು ನುಗ್ಗಿದ್ದರಲ್ಲ, ಆ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಉಪವಾಸ ಸತ್ಯಾಗ್ರಹ ಅನ್ನೋದು ಚರಿತ್ರೆಯೂ ಕಾನೂನೂ ಒಪ್ಪಿಕೊಂಡಿರುವ ಪ್ರತಿಭಟನೆಯ ರೀತಿ ಅಂತ ಹೇಳಿದೆ. ಇದನ್ನು ಒಂದು ಪ್ರತಿ ಮಾಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಕೇಸ್ ವಾಪಸ್ ತಗೊಳ್ಳೋ ಅಧಿಕಾರ ತಹಶೀಲ್ದಾರರಿಗೆ ಇಲ್ಲ. ಪೊಲೀಸರು ಕೇಸಲ್ಲಿ ಹುರುಳಿಲ್ಲ ಅಂತ ಬಿ ರಿಪೋರ್ಟ್ ಹಾಕಬೇಕು, ಅಥವಾ ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ಪಡೆದು ಹಿಂತೆಗೀಬೇಕು, ಅಥವಾ ಹೈಕೋರ್ಟು ರದ್ದು ಮಾಡಬೇಕು. ತಾಲ್ಲೂಕು ಕಚೇರಿ ಮುಂದೆ ಎಷ್ಟು ದಿನ ಕೂತರೂ ಅಲ್ಲಿ ಕೊಡೋರ ಕೈಯಲ್ಲಿ ಏನೂ ಇಲ್ಲ. ನಿಮ್ಮ ತಂದೆಗೆ ಇದನ್ನು ಮೊದಲು ಹೇಳಿ.

ಹೇಮಾವತಿದಂಡೆ

ಸರ್, ತುಂಬಾ ಉಪಕಾರ. ಕೊನೆ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅರೇಬಿಕಾ

ಚಿಕ್ಕಮಗಳೂರಿನಿಂದ. ಅಲ್ರೀ, 50 ವರ್ಷದ ಹಿಂದೆ ಕರಪತ್ರ ಹಂಚಿದ್ದಕ್ಕೆ ಅಪ್ಪ ಒಳಗೆ, ಈಗ ವಿಡಿಯೋ ಹಾಕಿದ್ದಕ್ಕೆ ಪಕ್ಕದ ಮನೆ ಹುಡುಗ ಒಳಗೆ. ಓದಿ ಹೊಟ್ಟೆ ಉರೀತು.

ನಮ್ಮೂರಲ್ಲೂ ಆಜಾದ್ ಪಾರ್ಕ್ ಹತ್ರ ಏನಾದರೂ ಸಭೆ ಇಟ್ಟುಕೊಂಡರೆ ಮೊದಲು ಮೈಕಿನ ಅನುಮತಿ, ಆಮೇಲೆ ಜಾಗದ ಅನುಮತಿ, ಎರಡೂ ಸಿಕ್ಕಿದ ಮೇಲೆ ಹಿಂದಿನ ರಾತ್ರಿ ನಿಷೇಧಾಜ್ಞೆ. ಬೆಂಗಳೂರಲ್ಲಂತೂ 2021ರ ಆದೇಶ ಬಂದ ಮೇಲೆ ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಕಡೆ ಪ್ರತಿಭಟನೆ ಮಾಡೋ ಹಾಗೇ ಇಲ್ಲ. ಆ ಪಾರ್ಕೇ ಹಳೆಯ ಸೆಂಟ್ರಲ್ ಜೈಲು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದದ್ದು ಅಲ್ಲೇ.

ಅರಸೀಕೆರೆ ತೆಂಗು

ನಮ್ಮ ಜಿಲ್ಲೆಯ ದೇವೇಗೌಡರೂ ಅಲ್ಲೇ ಇದ್ದರು. ಆಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ಸ್ನೇಹಲತಾ ರೆಡ್ಡಿಯವರನ್ನು ಮರೀಬೇಡಿ. ಆಸ್ತಮಾ ಇದ್ದ ಹೆಂಗಸು. ಆ ಜೈಲಿನಲ್ಲೇ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಅದೇ ತಿಂಗಳ 20ಕ್ಕೆ ತೀರಿಕೊಂಡರು. ದೊಡ್ಡ ನಾಯಕರ ಹೆಸರು ಎಲ್ಲರೂ ಹೇಳ್ತಾರೆ, ಇವರ ಹೆಸರು ಹೇಳೋರು ಕಮ್ಮಿ.

ಗಿರಿಶ್ರೇಣಿ

ಇಂದಿರಾ ಗಾಂಧಿ ಅಷ್ಟು ಜನರನ್ನು ಜೈಲಿಗೆ ಹಾಕಿದರು, ಅವರನ್ನೇ ನಮ್ಮ ಚಿಕ್ಕಮಗಳೂರು ಗೆಲ್ಲಿಸಿ ಕಳಿಸಿತು. ಆಮೇಲೆ ಅವರೂ ಒಂದು ದಿನ ಜೈಲಿಗೆ ಹೋಗಿ ಬಂದರು.

ಅರೇಬಿಕಾ

ಎರಡು ಬೇರೆ ಬೇರೆ ಕಥೆ ಸೇರಿಸ್ತಿದ್ದೀರಿ. ಒಂದು ದಿನದ್ದು 1977ರ ಅಕ್ಟೋಬರ್‌ನಲ್ಲಿ, ಆಗಿನ್ನೂ ನಮ್ಮ ಎಂಪಿ ಅಲ್ಲ. ಆಗಿನ ನಮ್ಮ ಎಂಪಿ ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟು, 1978ರ ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರ ಎದುರು 77 ಸಾವಿರಕ್ಕೂ ಜಾಸ್ತಿ ಮತದಿಂದ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಅವರ ಸದಸ್ಯತ್ವ ತೆಗೆದು, ಅಧಿವೇಶನ ಮುಗಿಯೋವರೆಗೆ ತಿಹಾರಿಗೆ ಕಳಿಸಿತು. ಒಂದು ವಾರ ಇದ್ದರು. ನಮ್ಮ ತಂದೆ ಆಗ ತೋಟದಲ್ಲಿ ರೈಟರ್. ಚುನಾವಣೆ ಟೈಮಲ್ಲಿ ಕೂಲಿ ಲೈನಿನ ಹೆಂಗಸರು ಕಾಫಿ ಹಣ್ಣು ಕೊಯ್ಯೋದು ಬಿಟ್ಟು ಅಮ್ಮನನ್ನು ನೋಡೋಕೆ ರಸ್ತೆಗೆ ಓಡಿದ್ದನ್ನು ಈಗಲೂ ಹೇಳ್ತಿರ್ತಾರೆ.

ಬೇಲೂರುಬಸ್

ಹಳೆ ಚುನಾವಣೆ ಬಿಡಿ. ಹೇಮಾವತಿಯವರ ಪ್ರಶ್ನೆಗೆ ಬನ್ನಿ.

ನೀಲಿಬಾವುಟ

ನಾನು ಸ್ವಲ್ಪ ಒರಟಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಉಪವಾಸ ಅಂದ ತಕ್ಷಣ ನೀವೆಲ್ಲ ಕೈ ಮುಗೀತೀರಿ. ನಮಗೆ ಉಪವಾಸ ಅಂದರೆ ಮೊದಲು ನೆನಪಾಗೋದು 1932ರ ಯರವಾಡ ಜೈಲು. ಬಾಬಾಸಾಹೇಬರು ಹೋರಾಡಿ ಪಡೆದಿದ್ದ ಪ್ರತ್ಯೇಕ ಮತದಾನದ ಹಕ್ಕು ಗಾಂಧೀಜಿ ಅನ್ನ ಬಿಟ್ಟಿದ್ದಕ್ಕೆ ಹೋಯ್ತು. ಮೀಸಲು ಸೀಟು 71ರಿಂದ 148 ಆಯ್ತು, ನಿಜ. ಆದರೆ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸೋ ಅಧಿಕಾರ ಹೋಯ್ತು. ಗಾಂಧೀಜಿ ಸತ್ತಿದ್ದರೆ ದೇಶದ ಹಳ್ಳಿ ಹಳ್ಳಿಯಲ್ಲಿ ನಮ್ಮ ಕೇರಿಗಳ ಗತಿ ಏನಾಗ್ತಿತ್ತು ಅಂತ ಯೋಚಿಸಿ. ಆ ಭಯದಲ್ಲೇ ಸಹಿ ಬಿತ್ತು.

ಅದಕ್ಕೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ್ದು: ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹದಂಥ ದಾರಿಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಅಂತ. ಆ ಹುಡುಗನಿಗೆ ಬೇಕಾಗಿರೋದು ಒಳ್ಳೇ ವಕೀಲರು. ಅಪ್ಪನ ಉಪವಾಸ ಅಲ್ಲ.

ಕೊಪ್ಪದ ಓದುಗ

ನೀಲಿಬಾವುಟ ಅವರ ಮಾತಿನ ಭಾರ ಗೊತ್ತು, ಒಪ್ತೀನಿ. ಆದರೆ ಅಂಬೇಡ್ಕರ್ ಅವರೇ ಇಟ್ಟ ಷರತ್ತು ನೋಡಿ. ಸಂವಿಧಾನದ ದಾರಿ *ತೆರೆದಿರುವಾಗ*. ಮುಚ್ಚಿದಾಗ?

ಜತೀಂದ್ರನಾಥ ದಾಸ್ ಅವರನ್ನು ನೆನಪು ಮಾಡ್ಕೊಳ್ಳಿ. 1929, ಲಾಹೋರ್ ಜೈಲು. ಅವರ ಹತ್ರ ಯಾವ ದಾರಿ ತೆರೆದಿತ್ತು? ಪತ್ರಿಕೆ ಓದೋಕೆ ಕೊಡಿ, ತಿನ್ನೋ ಹಾಗಿರೋ ಊಟ ಕೊಡಿ, ರಾಜಕೀಯ ಕೈದಿಗಳನ್ನು ಮನುಷ್ಯರ ಹಾಗೆ ನೋಡಿ ಅಂತ ಕೇಳಿದರು. ಮೂಗಿನಲ್ಲಿ ರಬ್ಬರ್ ಕೊಳವೆ ತುರುಕಿ ಹಾಲು ಬಿಟ್ಟರು, ಅದು ಶ್ವಾಸಕೋಶಕ್ಕೆ ಹೋಯ್ತು. 63 ದಿನ. ಸೆಪ್ಟೆಂಬರ್ 13ಕ್ಕೆ ಪ್ರಾಣ ಬಿಟ್ಟಾಗ 24 ವರ್ಷ. ಅದೇ ಹೊತ್ತಲ್ಲಿ ಸರ್ಕಾರ ಏನು ಮಾಡ್ತಿತ್ತು ಗೊತ್ತಾ? ಉಪವಾಸದಿಂದ ಏಳಲಾಗದ ಕೈದಿಗಳ ವಿಚಾರಣೆಯನ್ನು ಅವರಿಲ್ಲದೆಯೇ ನಡೆಸೋಕೆ ಮಸೂದೆ ತಂದಿತ್ತು. ಕೇಂದ್ರ ಶಾಸನಸಭೆಯಲ್ಲಿ ಅದನ್ನು ಬಲವಾಗಿ ವಿರೋಧಿಸಿ ಮಾತಾಡಿದವರಲ್ಲಿ ಜಿನ್ನಾ ಒಬ್ಬರು. ಉಪವಾಸ ಮಾಡಿದರೆ ಅದಕ್ಕೊಂದು ಕಾನೂನು ತರೋ ಚಾಳಿ ಆಗಿನದ್ದೇ.

ಗಿರಿಶ್ರೇಣಿ

ಪೊಟ್ಟಿ ಶ್ರೀರಾಮುಲು ಆಂಧ್ರ ರಾಜ್ಯ ಬೇಕು ಅಂತ 58 ದಿನ ಕೂತು 1952ರ ಡಿಸೆಂಬರ್ 15ಕ್ಕೆ ಸತ್ತರು, ಮುಂದಿನ ಅಕ್ಟೋಬರಲ್ಲಿ ಆಂಧ್ರ ರಾಜ್ಯ ಬಂತು. ಉಪವಾಸಕ್ಕೆ ಶಕ್ತಿ ಇಲ್ಲ ಅನ್ನೋಕೆ ಆಗಲ್ಲ.

ನೀಲಿಬಾವುಟ

ಅವರು ಸತ್ತ ಮೇಲೆ ಬಂತು. ಮಣಿಪುರದ ಇರೋಮ್ ಶರ್ಮಿಳಾ ಉಪವಾಸ ಏನಾಯ್ತು? 2000ದ ನವೆಂಬರ್‌ನಿಂದ 2016ರ ಆಗಸ್ಟ್ 9ರವರೆಗೆ. 16 ವರ್ಷಕ್ಕೆ ಹತ್ತಿರ. ಆಮೇಲೆ ಚುನಾವಣೆಗೆ ನಿಂತರೆ ಬಿದ್ದದ್ದು 90 ವೋಟು.

ಕೋರ್ಟ್ ರಸ್ತೆ

ಶರ್ಮಿಳಾ ಕೇಸು ಇಲ್ಲಿಗೆ ನೇರವಾಗಿ ಬೇಕಾಗಿರೋದು. ಮಾಲೋಂನಲ್ಲಿ ಹತ್ತು ಜನ ಗುಂಡಿಗೆ ಸತ್ತ ಮೇಲೆ ಅವರು ಸೇನಾ ವಿಶೇಷಾಧಿಕಾರ ಕಾಯ್ದೆ ತೆಗೀರಿ ಅಂತ ಊಟ ಬಿಟ್ಟರು. ಅವರ ಮೇಲೆ ಹಾಕಿದ್ದು 309. ಆ ಕಲಮಿಗೆ ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಿಡೋದು, ಅವರು ಮತ್ತೆ ಊಟ ನಿರಾಕರಿಸೋದು, ಮತ್ತೆ ಬಂಧಿಸೋದು. ಇಂಫಾಲದ ಆಸ್ಪತ್ರೆಯ ಒಂದು ಕೋಣೆಯೇ ಜೈಲು. ಮೂಗಿನಲ್ಲಿ ನಳಿಕೆ. 2014ರಲ್ಲಿ ಅಲ್ಲಿನ ಸೆಷನ್ಸ್ ಕೋರ್ಟು ಇದು ಆತ್ಮಹತ್ಯೆ ಪ್ರಯತ್ನ ಅಲ್ಲ ಅಂತ ಬಿಡುಗಡೆ ಮಾಡಿತು. ಎರಡೇ ದಿನಕ್ಕೆ ಮತ್ತೆ ಹಿಡಿದರು. 226ರ ಗರಿಷ್ಠ ಶಿಕ್ಷೆಯೂ ಒಂದು ವರ್ಷವೇ. ನನಗೆ ಹೆದರಿಕೆ ಇರೋದು ಅಲ್ಲೇ. ಕೋರ್ಟಲ್ಲಿ ನಿಲ್ಲದಿದ್ದರೂ ಹಿಡಿಯೋಕೆ ಒಂದು ಕಲಮು ಸಾಕು.

ಡಾಕ್ಟರಮ್ಮ

ನಾನು ಮೂಡಿಗೆರೆ ಕಡೆ ಪ್ರಾಕ್ಟೀಸ್ ಮಾಡ್ತೀನಿ. ಕಾನೂನು ಚರ್ಚೆ ಆಮೇಲೆ, ಮೊದಲು ಇದನ್ನು ಓದಿ.

ಅಪ್ಪ ಶುಗರ್‌ಗೆ ಏನು ತಗೋತಾರೆ, ಮಾತ್ರೆನಾ, ಇನ್ಸುಲಿನ್ನಾ? ಊಟ ಬಿಟ್ಟು ಅದೇ ಮಾತ್ರೆ ನುಂಗಿದರೆ ಮೊದಲ ದಿನವೇ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು. ಹಾಗಂತ ಎಲ್ಲಾ ನಿಲ್ಲಿಸೋದೂ ಅಪಾಯವೇ. ಅವರನ್ನು ನೋಡೋ ಡಾಕ್ಟರ್ ಹತ್ರ ಹೋಗಿ ಡೋಸ್ ಕೇಳಿಕೊಂಡು ಬನ್ನಿ, ನಾನಿಲ್ಲಿ ಬರೆಯಲ್ಲ. ಬಿಪಿ ಮಾತ್ರೆಗೂ ಇದೇ ಮಾತು.

ಗಟ್ಟಿ ಆರೋಗ್ಯ ಇರೋರಿಗೂ ನೀರು, ಉಪ್ಪು ಬೇಕೇ ಬೇಕು. ಉಪವಾಸ ಉದ್ದ ಆದರೆ ಬಿ1 ವಿಟಮಿನ್ ಕಮ್ಮಿಯಾಗಿ ಮೆದುಳಿಗೇ ಪೆಟ್ಟು. ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ. ಬಹಳ ದಿನದ ಉಪವಾಸ ಬಿಡುವಾಗ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ದಿಢೀರ್ ಇಳಿದು ಹೃದಯ ನಿಲ್ಲಬಹುದು. ಫೋಟೋಗೆ ಒಂದು ಲೋಟ ಜ್ಯೂಸ್ ಕುಡಿಸಿ, ಮನೆಗೆ ಕರ್ಕೊಂಡು ಹೋಗಿ ಬಾಳೆ ಎಲೆ ಊಟ ಹಾಕ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ.

ಒತ್ತಾಯದ ಊಟದ ಬಗ್ಗೆ ಮಾತು ಬಂತು. ಜಗತ್ತಿನ ವೈದ್ಯರ ಸಂಘದ 1991ರ ಮಾಲ್ಟಾ ಘೋಷಣೆ ಇದೆ. ಬುದ್ಧಿ ಸ್ಥಿಮಿತದಲ್ಲಿದ್ದು, ತಾನಾಗಿಯೇ ಊಟ ಬೇಡ ಅನ್ನೋ ಕೈದಿಗೆ ಬಲವಂತವಾಗಿ ತಿನ್ನಿಸೋದು ವೈದ್ಯರಿಗೆ ಸಲ್ಲದು. ಅದರ ಜೊತೆಗೆ ವೈದ್ಯರು ಆ ವ್ಯಕ್ತಿ ಹತ್ರ ಒಬ್ಬರೇ ಕೂತು ಮಾತಾಡಿ, ಯಾರದಾದರೂ ಒತ್ತಡ ಇದೆಯಾ ಅಂತ ತಿಳ್ಕೋಬೇಕು ಅಂತಲೂ ಇದೆ. ಊರವರು "ಯಜಮಾನ್ರು ಕೂತೇ ಕೂರ್ತಾರೆ" ಅಂತ ಕಟೌಟ್ ಕಟ್ಟಿದ ಮೇಲೆ, ಅವರಿಗೆ ಎದ್ದು ಬರೋ ಮನಸ್ಸಾದರೂ ಎದ್ದು ಬರೋಕೆ ಆಗುತ್ತಾ? ಅದನ್ನು ನೀವು ಮಗನಾಗಿ ಕೇಳಿ.

ಹೇಮಾವತಿದಂಡೆ

ಮೇಡಂ, ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಬೇರೆ ಬೇರೆ ಬಣ್ಣದ್ದು. ನಾಳೆಯೇ ಚೀಟಿ ತಗೊಂಡು ಹೋಗ್ತೀನಿ. ಕೊನೆ ಪ್ರಶ್ನೆ ಓದಿ ಸುಮ್ನೆ ಕೂತುಬಿಟ್ಟೆ.

ಬೇಲೂರುಬಸ್

ಒಂದು ಕೇಳ್ಲಾ? ಆ ವಿಡಿಯೋದಲ್ಲಿ ನಿಜವಾಗಿ ಸುಳ್ಳು ಏನಾದರೂ ಇತ್ತಾ? ವಾಟ್ಸ್ಯಾಪಲ್ಲಿ ಏನು ಬೇಕಾದರೂ ಹರಿಬಿಡೋರು ಇದ್ದಾರೆ. ಎಲ್ಲದಕ್ಕೂ ವಾಕ್ ಸ್ವಾತಂತ್ರ್ಯ ಅಂದರೆ ಹೇಗೆ? ದ್ವೇಷದ ಮಾತಿಂದ ನಮ್ಮ ಎರಡೂ ಜಿಲ್ಲೆಯಲ್ಲಿ ಆಗಿರೋ ರಗಳೆ ಎಲ್ಲರಿಗೂ ಗೊತ್ತು.

ಹೇಮಾವತಿದಂಡೆ

ಬಿಲ್ಲಿನ ಮೊತ್ತ ತಪ್ಪು ಹೇಳಿದ್ದ. ಬೇರೆ ಕಾಮಗಾರಿದು ಸೇರಿಸಿಬಿಟ್ಟಿದ್ದ. ಮಾರನೇ ದಿನ ತಪ್ಪಾಯ್ತು ಅಂತ ಹಾಕಿದ. ಕುರ್ಚಿ, ಬಸುರಿ, ರಸ್ತೆ ಮೂರೂ ನಿಜ.

ಕೊಪ್ಪದ ಓದುಗ

ಬೇಲೂರುಬಸ್ ಅವರೇ, ದ್ವೇಷದ ಮಾತು ತಡೀಬೇಕು ಅನ್ನೋದರಲ್ಲಿ ನನಗೂ ಎರಡು ಮಾತಿಲ್ಲ. ನಮ್ಮ ರಾಜ್ಯದಲ್ಲೇ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣದ ವಿಧೇಯಕ ಪಾಸಾಯ್ತು. ಆದರೆ ಇಂಥ ಕಲಮುಗಳು ಕೊನೆಗೆ ಯಾರ ಕೊರಳಿಗೆ ಬೀಳುತ್ತೆ ಅನ್ನೋದು ಪ್ರಶ್ನೆ. ಐಟಿ ಕಾಯ್ದೆಯ 66ಎ ಇತ್ತಲ್ಲ, ಬೇಜಾರಾಗೋ ಪೋಸ್ಟ್ ಹಾಕಿದರೂ ಜೈಲು. 2015ರ ಮಾರ್ಚ್ 24ಕ್ಕೆ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ಆಮೇಲೂ ಎಷ್ಟೋ ಠಾಣೆಗಳಲ್ಲಿ ಆ ಕಲಮು ಹಾಕ್ತಾನೇ ಇದ್ದರು.

ಯಾವ ಪಕ್ಷದ ಸರ್ಕಾರವೂ ಸಾಚಾ ಅಲ್ಲ. ರಾಜದ್ರೋಹದ ಕಲಮು 124ಎ ಬ್ರಿಟಿಷರು 1870ರಲ್ಲಿ ತಂದಿದ್ದು. ತಿಲಕರನ್ನು, ಗಾಂಧೀಜಿಯನ್ನು ಜೈಲಿಗೆ ಕಳಿಸಿದ್ದು. ಸ್ವಾತಂತ್ರ್ಯ ಬಂದ ಮೇಲೂ ಇಟ್ಟುಕೊಂಡೆವು. 2022ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ಆ ಅರ್ಜಿದಾರರಲ್ಲಿ ಒಬ್ಬರು ಮೈಸೂರಿನ ನಿವೃತ್ತ ಮೇಜರ್ ಜನರಲ್ ವೊಂಬತ್ಕೆರೆ. ಈಗ ನ್ಯಾಯ ಸಂಹಿತೆಯಲ್ಲಿ 152 ಅಂತ ಬಂದಿದೆ, ಶಿಕ್ಷೆ ಜೀವಾವಧಿವರೆಗೆ ಇದೆ. ನಮ್ಮ ಮೈಸೂರು ಸಂಸ್ಥಾನದವರೂ ಹಿಂದೆ ಬಿದ್ದಿರಲಿಲ್ಲ. 1908ರಲ್ಲೇ ಪತ್ರಿಕೆಗಳನ್ನು ಹಿಡಿತಕ್ಕೆ ತಗೊಳ್ಳೋ ಕಾನೂನು ತಂದರು. ತಾತಯ್ಯ ವೆಂಕಟಕೃಷ್ಣಯ್ಯನವರು ಆ ಕಾನೂನಿಗೆ ತಲೆಬಾಗೋ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಅರಸೀಕೆರೆ ತೆಂಗು

ಘಟ್ಟದ ಕೆಳಗೆ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ನೆನಪಿದ್ದಾನಾ? 2012ರಲ್ಲಿ ಅಪ್ಪ ಮಗ ಇಬ್ಬರನ್ನೂ ಭಯೋತ್ಪಾದನೆ ತಡೆಯೋಕೆ ಅಂತಿರೋ ಯುಎಪಿಎ ಕಾಯ್ದೆಯಲ್ಲಿ ಹಿಡಿದರು. ಮನೆಯಲ್ಲಿ ಸಿಕ್ಕ ಸಾಕ್ಷಿ ಅಂತ ತೋರಿಸಿದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪೇಪರ್ ಕಟಿಂಗ್. 2021ರ ಅಕ್ಟೋಬರ್‌ನಲ್ಲಿ ಇಬ್ಬರೂ ಖುಲಾಸೆ. ಒಂಬತ್ತು ವರ್ಷ ಕೋರ್ಟಿಗೆ ಅಲೆದದ್ದೇ ಶಿಕ್ಷೆ. ಅದೇ ಕಾಯ್ದೆಯಲ್ಲಿ ಜೈಲಿಗೆ ಹೋದ, ಆದಿವಾಸಿಗಳ ಪರ ಕೆಲಸ ಮಾಡ್ತಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಗಂತೂ ಖುಲಾಸೆಯ ಮಾತು ಹಾಗಿರಲಿ, ವಿಚಾರಣೆಯೇ ಶುರುವಾಗಲಿಲ್ಲ. ಪಾರ್ಕಿನ್ಸನ್ ಇದ್ದ ಮುದುಕರು, ಲೋಟ ಹಿಡಿದರೆ ಕೈ ನಡುಗುತ್ತೆ, ನೀರು ಕುಡಿಯೋಕೆ ಒಂದು ಸ್ಟ್ರಾ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. 2021ರ ಜುಲೈ 5ಕ್ಕೆ ಹೋದರು, 84 ವರ್ಷ. ಒಂದು ಸ್ಟ್ರಾ ಸ್ವಾಮೀ!

ಕೋರ್ಟ್ ರಸ್ತೆ

ಹುಡುಗನ ಕೇಸಿಗೆ ಬರ್ತೀನಿ. 2025ರ ಮಾರ್ಚ್ 28ರಂದು ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಅವರು ಹಾಕಿದ್ದ ಕವಿತೆ ಮೇಲಿನ ಕೇಸನ್ನು ಸುಪ್ರೀಂ ಕೋರ್ಟು ರದ್ದು ಮಾಡ್ತು. ಮಾತು, ಬರಹದ ಮೇಲೆ ದೂರು ಬಂದಾಗ, ಶಿಕ್ಷೆ ಮೂರರಿಂದ ಏಳು ವರ್ಷದೊಳಗಿನದ್ದಾದರೆ ಎಫ್‌ಐಆರ್ ಹಾಕೋ ಮೊದಲು ಪ್ರಾಥಮಿಕ ವಿಚಾರಣೆ ಮಾಡೋದು ಸೂಕ್ತ ಅಂತ ಹೇಳ್ತು. ಅದಕ್ಕೆ ಆಧಾರ ಹಳೆಯ ಸಿಆರ್‌ಪಿಸಿ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(3). ಇವನ ವಿಷಯದಲ್ಲಿ ವಿಚಾರಣೆ ಆಗಿದೆಯಾ ನೋಡಿ. ಬಂಧಿಸೋ ಮೊದಲು ನೋಟಿಸ್ ಕೊಟ್ಟಿದ್ದರಾ? ಏಳು ವರ್ಷದೊಳಗಿನ ಶಿಕ್ಷೆಯ ಕೇಸಲ್ಲಿ ಸುಮ್ನೆ ಎತ್ತಾಕ್ಕೊಂಡು ಹೋಗೋ ಹಾಗಿಲ್ಲ, 2014ರ ಅರ್ನೇಶ್ ಕುಮಾರ್ ತೀರ್ಪಿದೆ. ತಪ್ಪಾಯ್ತು ಅಂತ ಮಾರನೇ ದಿನ ಹಾಕಿದ್ದಾನಲ್ಲ, ಅದರ ಸ್ಕ್ರೀನ್‌ಶಾಟ್ ಯಾರ ಹತ್ರ ಇದ್ದರೂ ಇಟ್ಟುಕೊಳ್ಳಿ. ಹೈಕೋರ್ಟಿಗೆ ಹಾಕೋಣ. ಫೀಸ್ ಬೇಡ.

ನೀಲಿಬಾವುಟ

ಇದು ಮಾತು. ಬೆಂಗಳೂರಿಗೆ ಓಡಾಡೋ ಖರ್ಚಿಗೆ ನನ್ನಿಂದಲೂ ಸೇರಿಸಿ.

ಅರೇಬಿಕಾ

ನನ್ನದೂ.

ಹೇಮಾವತಿದಂಡೆ

ಮೂರು ದಿನ ಆದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಇಲ್ಲಿ ಬಂದ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅಂಬೇಡ್ಕರ್ ಮಾತು ಬಂದಾಗ ಇನ್ನೊಂದ್ಸಲ ಓದು ಅಂದರು. ಡಾಕ್ಟರಮ್ಮ ಹೇಳಿದ ಹಾಗೆ ರಾತ್ರಿ ಒಬ್ಬರೇ ಇದ್ದಾಗ ಕೇಳಿದೆ: "ಯಾರಾದರೂ ಕೂರಿ ಅಂದಿದ್ದಾರಾ ಅಪ್ಪಾ, ಇಲ್ಲ ನಿಮಗೇ ಅನ್ನಿಸಿದ್ದಾ?" ತುಂಬ ಹೊತ್ತು ಸುಮ್ನಿದ್ದರು. ಆಮೇಲೆ, "ನಾನು ಒಳಗಿದ್ದಾಗ ಊರಲ್ಲಿ ಒಬ್ಬರೂ ನಮ್ಮನೆ ಬಾಗಿಲಿಗೆ ಬರಲಿಲ್ಲ ಕಣೋ. ನಿಮ್ಮಜ್ಜಿ ಹತ್ರ ಮಾತಾಡೋಕೂ ಹೆದರ್ತಿದ್ದರು. ಆ ಹುಡುಗನ ತಾಯಿಗೆ ಹಾಗಾಗಬಾರದು" ಅಂದರು.

ಕೊನೆಗೆ ಹೀಗೆ ತೀರ್ಮಾನ ಆಗಿದೆ. ಆಮರಣಾಂತ ಇಲ್ಲ. ಸರದಿ ಉಪವಾಸ, ಒಬ್ಬರಿಗೆ ಒಂದು ದಿನ, ಬೆಳಿಗ್ಗೆ ಎಂಟರಿಂದ ಸಂಜೆ ಆರು. ಜಾಗ ತಾಲ್ಲೂಕು ಕಚೇರಿ ಅಲ್ಲ, ಹಾಸನದ ಡಿಸಿ ಕಚೇರಿ ಹತ್ರ. ಲಿಖಿತ ಅನುಮತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೀವಿ. ಹುಡುಗನ ತಾಯಿ ಎರಡನೇ ದಿನ ನಾನು ಕೂರ್ತೀನಿ ಅಂದಿದ್ದಾರೆ. ಮೊದಲ ದಿನ ಅಪ್ಪನದ್ದೇ, ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಡಾಕ್ಟರ್ ಮಾತ್ರೆ ಬದಲಿಸಿ ಕೊಟ್ಟಿದ್ದಾರೆ. ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೊತೆಗೆ ತಗೊಂಡು ಹೋಗ್ತಾರಂತೆ.

ಬೇಲೂರುಬಸ್

ಯಾವತ್ತು? ಬೇಲೂರಿಂದ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಒಂದು ದಿನ ನನಗೂ ಹಾಕಿ.

ಹೇಮಾವತಿದಂಡೆ

ಸೋಮವಾರ ಶುರು ಅಣ್ಣ. ಗುರುವಾರ ಖಾಲಿ ಇದೆ.

ಡಾಕ್ಟರಮ್ಮ

ಸೋಮವಾರ ಕೂರೋ ಮೊದಲು, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಶುಗರ್ ಚೆಕ್ ಮಾಡಿ ಇಲ್ಲಿ ಹಾಕಿ. 70ಕ್ಕಿಂತ ಕೆಳಗೆ ಬಂದರೆ ಯಾರ ಮಾತೂ ಕೇಳದೆ ಸಕ್ಕರೆ ನೀರು ಕುಡಿಸಿ ಎಬ್ಬಿಸಿ. ಅಪ್ಪನಿಗೆ ಈಗಲೇ ಹೇಳಿ ಒಪ್ಪಿಸಿಕೊಳ್ಳಿ.

ಹೇಮಾವತಿದಂಡೆ

ಒಪ್ಪಿದ್ದಾರೆ ಮೇಡಂ. ಸಕ್ಕರೆ ಬೇಡ, ಬೆಲ್ಲ ಇಟ್ಕೋ ಅಂದರು.